ಉಪ್ಪು ತಿಂದ ಮೈದಾನ

ಸ್ಕೋರೋಯ, ಉತ್ತರ ನಾರ್ವೆ
೧೮ ಏಪ್ರಿಲ್ ೧೯೮೩

ಪ್ರೀತಿಯ ಆನ್‌ಫಿನ್ ಅಣ್ಣ,

ನಿನ್ನನ್ನು ಹಡಗು ಹತ್ತಿಸಿ ಬಂದಾಗಿನಿಂದ ಮನೆಯಲ್ಲಿ ಬೈಯುವುದಕ್ಕೆ ಯಾರೂ ಇಲ್ಲದೆ ನನ್ನ ಬಾಯಿ ತುಕ್ಕು ಹಿಡಿಯುತ್ತಿದೆ. ಫೋನ್ ಮಾಡಿದರೆ ನಿನ್ನ ವಾರ್ಡಿನ ನರ್ಸ್, "ಅವರು ಕಾರಿಡಾರಿಗೆ ಬರೋ ಹಾಗಿಲ್ಲ, ಪತ್ರ ಬರೀರಿ" ಎಂದಳು. ಬರೆಯುತ್ತಿದ್ದೇನೆ. ಪಾದದ ಹುಣ್ಣು ಮಾಗಿತೇ? ಸಕ್ಕರೆ ಕಾಯಿಲೆ ಇಟ್ಟುಕೊಂಡು ಇಡೀ ಚಳಿಗಾಲ ಒದ್ದೆ ಬೂಟಿನಲ್ಲಿ ಮೈದಾನದ ಹುಲ್ಲು ನೋಡಿಕೊಳ್ಳುತ್ತ ಸುತ್ತಬೇಡ ಎಂದು ನಾನು ಬಡಿದುಕೊಂಡಿದ್ದೆ. ಬಡಿದುಕೊಂಡಿದ್ದೇ ಬಂತು.

ಊರಿಗೆ ಊರೇ ಹುಚ್ಚೆದ್ದಿದೆ. ನಮ್ಮಂಥ ಮೀನು ಹೆರೆಯುವವರ ಫುಟ್‌ಬಾಲ್ ಕ್ಲಬ್ಬು ಮೊದಲ ಡಿವಿಜನ್ನಿಗೆ ಹೋದದ್ದು ಇನ್ನೂ ಯಾರಿಗೂ ನಂಬಿಕೆಯಿಲ್ಲ. ಗೋಲ್‌ಕೀಪರ್ ರೋಯ್‌-ಆರ್ನೆ ಬೆಳಿಗ್ಗೆ ನನ್ನ ಪಕ್ಕದ ಮೇಜಿನಲ್ಲಿ ಕಾಡ್ ಮೀನು ಸೀಳುತ್ತಾನೆ, ಸಂಜೆ ಓಸ್ಲೋದವರನ್ನು ತಡೆಯುವ ಮಾತಾಡುತ್ತಾನೆ. ಮೇ ಒಂದಕ್ಕೆ ಮೊದಲ ಪಂದ್ಯ, ನಮ್ಮಲ್ಲೇ. ಆದರೆ ಬೆಟ್ಟದ ನೆರಳು ಬೀಳುವ ಕಡೆ ಇನ್ನೂ ಎದೆಮಟ್ಟ ಹಿಮವಿದೆ. ಅದರ ಹಿಂದಿನ ಶುಕ್ರವಾರದೊಳಗೆ ಮೈದಾನ ತೆರವಾಗದಿದ್ದರೆ ಪಂದ್ಯವನ್ನು ತೂನ್ನೆಸ್‌ನಲ್ಲಿ ಆಡಿಸುತ್ತಾರಂತೆ. ತೂನ್ನೆಸ್‌ನಲ್ಲಿ! ಫಿಯೋರ್ಡಿನ ಆಚೆ ದಡದಲ್ಲಿ ಬಿಸಿಲು ಕಾಯಿಸಿಕೊಂಡು ಆಡು ಮೇಯಿಸುತ್ತ ಕೂತ ಆ ಆಡಿನವರ ಊರಲ್ಲಿ! ಅದಕ್ಕಿಂತ ಆಡದೇ ಇರುವುದು ವಾಸಿ.

ಹಡಗಿನ ಕಂಬಿ ಹಿಡಿದು ನೀನು ಹೇಳಿದ ಮಾತು ನನಗೆ ಮರೆತಿಲ್ಲ. "ಒಂದೇ ಒಂದು ಮ್ಯಾಚು ಕಣೇ. ಈ ಸೀಸನ್ ಮುಗಿಯೋದ್ರೊಳಗೆ ನನ್ನ ಹುಲ್ಲಿನ ಮೇಲೆ ಮೊದಲ ಡಿವಿಜನ್ ಮ್ಯಾಚು ಒಂದು ನೋಡ್ಬಿಟ್ರೆ ಸಾಕು." ನೋಡುತ್ತೀಯ. ನಾನಿದ್ದೇನೆ.

ಉಣ್ಣೆ ಕಾಲುಚೀಲ ಒಂದು ಜೋಡಿ ಕಳಿಸಿದ್ದೇನೆ. ಹಾಕಿಕೋ.

ನಿನ್ನ ತಂಗಿ
ಬೋರ್ಗ್‌ಹಿಲ್ಡ್


ಟ್ರೋಂಡ್‌ಹೈಮ್
೨೬ ಏಪ್ರಿಲ್

ಬೋರ್ಗ್‌ಹಿಲ್ಡ್,

ಕಾಲುಚೀಲ ಬೆಚ್ಚಗಿದೆ. ಇನ್ನು ಆ ಹುಣ್ಣಿನ ಚಿಂತೆ ಬಿಡು, ಅದರ ಕಾಟ ಮುಗಿಯಿತು. ಡಾಕ್ಟರು ಕೆಲಸ ಗೊತ್ತಿರುವವರು.

ಪಕ್ಕದ ಹಾಸಿಗೆಯಲ್ಲಿ ಸೆವೆರಿನ್ ಎಂಬ ಬರ್ಗೆನ್ನಿನವನು ಇದ್ದಾನೆ. ಬಾಯಿ ಮುಚ್ಚುವುದೇ ಇಲ್ಲ. "ಸ್ಕೋರೋಯನಾ? ಅದು ಕ್ಲಬ್ಬೋ, ಮೀನಿನ ಡಬ್ಬದ ಹೆಸರೋ?" ಎಂದು ಕೇಳಿದ. ಅವನ ತಂಡದ ಮೇಲೆ ಅಕ್ಟೋಬರಿನಲ್ಲಿ ನಮ್ಮ ಕೊನೆಯ ಪಂದ್ಯ, ನಮ್ಮ ಮೈದಾನದಲ್ಲಿ. ಆಗ ಉತ್ತರ ಕೊಡುತ್ತೇನೆ ಎಂದಿದ್ದೇನೆ.

ಈಗ ಕೆಲಸದ ಮಾತು. ಹಿಮವನ್ನು ಸಲಿಕೆಯಲ್ಲಿ ಎತ್ತಿ. ಅಡಿಯ ಮಂಜುಗಡ್ಡೆಗೆ ಮಾತ್ರ ಕೈ ಹಚ್ಚಬೇಡಿ. ಅದನ್ನು ಬಿಸಿಲೇ ಬಿಡಿಸಬೇಕು. ಕುಟ್ಟಬೇಡಿ, ಕೆರೆಯಬೇಡಿ. ಮೊದಲ ಪಂದ್ಯ ತೂನ್ನೆಸ್‌ನಲ್ಲಿ ಆಡಬೇಕಾಗಿ ಬಂದರೆ ಆಡಿ. ಮಾನ ಹೋದರೆ ಮತ್ತೆ ಬರುತ್ತದೆ, ಹುಲ್ಲು ಹೋದರೆ ಸುಲಭಕ್ಕೆ ಬರುವುದಿಲ್ಲ. ಆ ಹುಲ್ಲನ್ನು ಆ ನೆರಳಿನಲ್ಲಿ ನಿಲ್ಲಿಸುವುದಕ್ಕೆ ನನ್ನ ಅರ್ಧ ಆಯುಷ್ಯ ಹೋಗಿದೆ.

ಆನ್‌ಫಿನ್


ಸ್ಕೋರೋಯ
೨ ಮೇ

ಅಣ್ಣಾ!

ಗೆದ್ದೆವು! ಎರಡು-ಒಂದು! ಓಸ್ಲೋದವರ ಮೇಲೆ, ನಮ್ಮ ಮೈದಾನದಲ್ಲಿ!

ರೇಡಿಯೋದಲ್ಲಿ ಕೇಳಿದೆಯಾ? ಕಾಮೆಂಟರಿಯವನು ನಮ್ಮೂರಿನ ಹೆಸರನ್ನು ಮೂರು ಥರ ಹೇಳಿದನಂತೆ, ಹೇಳಲಿ. ರೋಯ್‌-ಆರ್ನೆ ಕೊನೆಗೆ ಒಂದು ಚೆಂಡನ್ನು ಮೂಗಿನಲ್ಲಿ ತಡೆದ. ಪಾದ್ರಿಗಳು ಬೇಲಿ ಹತ್ತಿ ನಿಂತಿದ್ದರು. ನಾನು ವಾಫಲ್ ದೋಸೆಯ ಕಾವಲಿಯ ಮುಂದೆ ನಿಂತು ಹಿಟ್ಟು ಸುರಿದು ಸುರಿದು ಎರಡನೇ ಗೋಲು ನೋಡಲೇ ಇಲ್ಲ. ಜನ ಕೂಗಿದ್ದಕ್ಕೆ ನಾನೂ ಕೂಗಿದೆ. ಕಂದು ಚೀಸು ಖಾಲಿ, ಜಾಮು ಖಾಲಿ, ಕೊನೆಗೆ ಬರೀ ದೋಸೆಯನ್ನೇ ಜನ ಕಿತ್ತುಕೊಂಡು ತಿಂದರು.

ಮಂಜುಗಡ್ಡೆ ಕರಗಿತು. ಕ್ಲಬ್ಬಿನ ಅಧ್ಯಕ್ಷ ಯೋಸ್ಟೈನ್ ಒಂದು ಉಪಾಯ ಮಾಡಿದ. ಇಡೀ ಊರು ಶ್ರಮದಾನಕ್ಕೆ ಬಂದಿತ್ತು. ನೀನಿದ್ದಿದ್ದರೆ ಕಣ್ಣು ತುಂಬಿಕೊಳ್ಳುತ್ತಿದ್ದೆ. ನಿನ್ನ ಪತ್ರ ಇವತ್ತು ಕೈಗೆ ಬಂತು.

ಅವಸರದಲ್ಲಿ,
ಬೋರ್ಗ್‌ಹಿಲ್ಡ್


ಟ್ರೋಂಡ್‌ಹೈಮ್
೯ ಮೇ

ಬೋರ್ಗ್‌ಹಿಲ್ಡ್,

ಕೇಳಿದೆ. ಹಾಸಿಗೆಯಲ್ಲಿ ಕೂತೇ ಕುಣಿದೆ. ಸೆವೆರಿನ್ ತನ್ನ ಪಾಲಿನ ಕೇಕನ್ನು ಪಂದ್ಯಕ್ಕೆ ಕಟ್ಟಿ ಸೋತ.

ಯಾವ ಉಪಾಯ?

ಯೋಸ್ಟೈನ್ ಒಳ್ಳೆಯವನು, ಆದರೆ ಅವನು ಉಪಾಯ ಮಾಡಿದಾಗಲೆಲ್ಲ ನಾನು ಅದರ ಹಿಂದೆ ಸಲಿಕೆ ಹಿಡಿದು ಹೋಗಬೇಕಾಗಿ ಬಂದಿದೆ. ಬೆಟ್ಟದ ಕಡೆಯ ಗೋಲಿನ ಮುಂದೆ ಹುಲ್ಲಿನ ಬಣ್ಣ ಹೇಗಿದೆ ಎಂದು ನೋಡಿ ಬರೆ. ಬರೀ ಬಣ್ಣ ಬರೆ, ಸಾಕು.

ಆನ್‌ಫಿನ್


ಸ್ಕೋರೋಯ
೧ ಜೂನ್

ಪ್ರೀತಿಯ ಅಣ್ಣ,

ಬರೆಯಲು ತಡವಾಯಿತು. ಮೇ ಹದಿನೇಳರ ರಾಷ್ಟ್ರದಿನದ ಮೆರವಣಿಗೆಗೆ ಶಾಲೆ ಮಕ್ಕಳ ಬಾವುಟ ಹೊಲಿಯುವ ಕೆಲಸ ನನ್ನ ತಲೆಗೇ ಬಂತು. ಈ ಸಲ ಮಕ್ಕಳು ರಾಜನಿಗೆ ಒಂದು ಜೈ, ರೋಯ್‌-ಆರ್ನೆಗೆ ಎರಡು ಜೈ ಕೂಗಿದವು.

ಆಮೇಲಿನ ಪಂದ್ಯಗಳಲ್ಲಿ ಎರಡು ಸೋತೆವು, ಒಂದು ಸಮ. ದಕ್ಷಿಣದವರು ಜೋರಾಗಿ ಓಡುತ್ತಾರೆ. ರಾತ್ರಿ ಇಲ್ಲದ ಬಿಸಿಲು ಶುರುವಾಗಿದೆ, ನೆರೆಮನೆಯ ಬೆಕ್ಕು ಮರಿ ಹಾಕಿದೆ, ನಮ್ಮ ಅಂಗಳದ ಹುಲ್ಲು ಮೊಣಕಾಲಿಗೆ ಬಂದಿದೆ, ನೀನಿಲ್ಲದೆ ಕತ್ತರಿಸುವವರಿಲ್ಲ.

ಮೈದಾನದ ಹುಲ್ಲು ಈ ವರ್ಷದ ಚಳಿಗೆ ಸ್ವಲ್ಪ ಮುನಿಸಿಕೊಂಡಂತಿದೆ. ಸರಿಹೋಗುತ್ತದೆ. ಅಂದ ಹಾಗೆ, ಮುಂದಿನ ಕೆಲವು ಪಂದ್ಯ ತೂನ್ನೆಸ್‌ನಲ್ಲಿ. ನಮ್ಮ ಗ್ಯಾಲರಿಯ ರಿಪೇರಿ ನಡೆಯುತ್ತಿದೆ, ಅಷ್ಟೇ.

ಇನ್ನೊಂದು ಜೋಡಿ ಕಾಲುಚೀಲ ಕಳಿಸಿದ್ದೇನೆ. ನೀಲಿ ಬಿಳಿ ಪಟ್ಟೆ, ಕ್ಲಬ್ಬಿನ ಬಣ್ಣ. ನಡೆಯಲು ಶುರು ಮಾಡಿದೆಯಾ?

ಬೋರ್ಗ್‌ಹಿಲ್ಡ್


ಟ್ರೋಂಡ್‌ಹೈಮ್
೮ ಜೂನ್

ಬೋರ್ಗ್‌ಹಿಲ್ಡ್,

ಕಾಲುಚೀಲಕ್ಕೆ ಥ್ಯಾಂಕ್ಸ್. ನೀನು ಹೆಣೆದ ಒಂದು ಜೋಡಿ ಎರಡು ಜೋಡಿಯಷ್ಟು ಬಾಳುತ್ತದೆ.

ನಮ್ಮಲ್ಲಿ ಗ್ಯಾಲರಿ ಎಲ್ಲಿದೆ? ಇರುವುದು ಎರಡು ಹಲಗೆ, ಅವಕ್ಕೆ ಮೊಳೆ ಹೊಡೆದವನು ನಾನು.

ಆನ್‌ಫಿನ್


ಸ್ಕೋರೋಯ
೧೯ ಜೂನ್

ಅಣ್ಣ,

ನಿನ್ನ ಆ ಎರಡು ಸಾಲು ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ. ಆಮೇಲೆ ನಕ್ಕೆ. ಸುಳ್ಳು ಹೇಳುವವಳಿಗೆ ಗ್ಯಾಲರಿಯೇ ಸಿಗಬೇಕಿತ್ತೇ!

ಹುಲ್ಲು ಸತ್ತಿದೆ. ಮುನಿಸಲ್ಲ, ಸಾವು. ಬೆಟ್ಟದ ಕಡೆಯ ಗೋಲಿನಿಂದ ಮಧ್ಯದ ಗೆರೆಯವರೆಗೆ ಒಣಗಿದ ಮೀನಿನ ಬಣ್ಣ. ಮೇ ಮಧ್ಯದಲ್ಲಿ ಟಿವಿಯವರು ಬರುತ್ತಾರೆಂದು ದೋಣಿಗೆ ಬಳಿಯುವ ಹಸಿರು ಬಣ್ಣ ಹೊಡೆದರು. ಆಟಗಾರರೆಲ್ಲ ಹಸಿರು ಮೊಣಕಾಲು ಹೊತ್ತು ಮನೆಗೆ ಹೋದರು. ಮಾರನೇ ವಾರ ಬೂಟಿಗೆ ಸಿಕ್ಕಿ ಮಣ್ಣು ಕೇಕಿನ ಹಾಗೆ ಎದ್ದುಬಂತು, ಮೈದಾನ ಮುಚ್ಚಿಸಿದರು.

ಏನಾಯಿತೆಂದರೆ, ಪಂದ್ಯಕ್ಕೆ ಎರಡು ದಿನ ಇದ್ದಾಗ ಹಿಮ ಎತ್ತಿದೆವು, ಅಡಿಯಲ್ಲಿ ಗೇಣು ದಪ್ಪ ಮಂಜುಗಡ್ಡೆ. ಎಲ್ಲರೂ ಸಲಿಕೆ ಊರಿಕೊಂಡು ನಿಂತೆವು. ಆಗ ಯೋಸ್ಟೈನ್ ಹೇಳಿದ: "ದೋಣಿ ಡೆಕ್ಕಿನ ಮೇಲೆ ಐಸ್ ಕಟ್ಟಿದ್ರೆ ಏನ್ ಹಾಕ್ತೀವ್ರೋ? ಉಪ್ಪು ತಾನೇ! ನನ್ನ ಮೀನು ಗೋದಾಮಿನಲ್ಲಿ ಬೆಟ್ಟದಷ್ಟು ಬಿದ್ದಿದೆ."

ರೋಯ್‌-ಆರ್ನೆಯ ತಾತ, "ಹುಲ್ಲಿಗೆ ಏನೂ ಆಗಲ್ವಾ?" ಎಂದರು.

"ಏನಾಗತ್ತೆ? ನಮ್ಮೂರಲ್ಲಿ ಉಪ್ಪು ಹಾಕಿದ್ದು ಯಾವತ್ತಾದ್ರೂ ಕೆಟ್ಟಿದೆಯೇನಜ್ಜಾ?"

ಎಲ್ಲರೂ ನಕ್ಕೆವು. ಆ ಮಾತು ಎಷ್ಟು ಸರಿಯೆನಿಸಿತೆಂದರೆ, ಅಣ್ಣ, ಒಬ್ಬರಿಗೂ ಅನುಮಾನ ಉಳಿಯಲಿಲ್ಲ. ಹುಟ್ಟಿದಾಗಿನಿಂದ ಉಪ್ಪು ಹಾಕಿಯೇ ಮೀನು ಉಳಿಸಿಕೊಂಡವರು ನಾವು. ಮೊದಲ ಬಕೆಟ್ ಸುರಿದವಳು ನಾನೇ. ಒಂದು ಪಂದ್ಯ ತೂನ್ನೆಸ್‌ಗೆ ಹೋದರೆ ಉಳಿದವೂ ಹಿಂದೆಯೇ ಹೋಗಿ ನೀನು ಕೇಳಿದ ಆ ಒಂದು ಮ್ಯಾಚು ಕೈತಪ್ಪುತ್ತದೆ ಎಂದು ನನ್ನ ತಲೆ ಕೆಟ್ಟಿತ್ತು. ತೂನ್ನೆಸ್ ತಪ್ಪಿಸಲು ಹೋಗಿ ಈಗ ಎಲ್ಲ ಪಂದ್ಯವೂ ತೂನ್ನೆಸ್‌ನಲ್ಲೇ. ಆಡಿನವರು ನಮಗೆ ಟಿಕೆಟ್ ಹರಿದುಕೊಡುವಾಗ ನಗುತ್ತಾರೆ.

ಬೈಯಿ. ಎಷ್ಟು ಬೇಕಾದರೂ ಬೈಯಿ. ಸುಮ್ಮನಿರಬೇಡ.

ಬೋರ್ಗ್‌ಹಿಲ್ಡ್


ಸ್ಕೋರೋಯ
೧೦ ಜುಲೈ

ಅಣ್ಣ,

ಸುಮ್ಮನಿರಬೇಡ ಎಂದು ಬರೆದಿದ್ದೆ, ನೀನು ಸುಮ್ಮನೇ ಇದ್ದೀಯ. ದಿನಾ ಅಂಚೆಯವನ ಮುಖ ನೋಡಿ ಸಾಕಾಗಿದೆ. ಅವನೂ ಈಗ ನಮ್ಮ ಗೇಟಿನ ಹತ್ತಿರ ಸೈಕಲ್ ಜೋರಾಗಿ ತುಳಿಯುತ್ತಾನೆ.

ಮೊನ್ನೆ ತೂನ್ನೆಸ್‌ನಲ್ಲಿ ಪಂದ್ಯವಿತ್ತು. ಸೋತೆವು. ಈಗ ಪಟ್ಟಿಯಲ್ಲಿ ಕೊನೆಯಿಂದ ಎರಡನೆಯವರು. ಪಂದ್ಯ ಮುಗಿದ ಮೇಲೆ ಅಲ್ಲಿಯ ಮೈದಾನ ನೋಡಿಕೊಳ್ಳುವ ಹಾಲ್ಡೋರ್ ನನ್ನ ಹತ್ತಿರ ಬಂದ. ಅದೇ, ಇಪ್ಪತ್ತು ವರ್ಷದಿಂದ ನೀನು ಯಾರ ಹೆಸರೆತ್ತಿದರೆ ಉಗುಳುತ್ತೀಯೋ ಅವನು. "ನಿಮ್ಮಣ್ಣ ಹೇಗಿದಾರೆ?" ಎಂದ. ಚೆನ್ನಾಗಿದ್ದಾನೆ ಎಂದೆ. "ನಿಜವಾಗ್ಲೂ ಚೆನ್ನಾಗಿದಾರಾ?" ಎಂದು ಮತ್ತೆ ಕೇಳಿದ. ನನಗೆ ರೇಗಿತು. "ನಿಮಗ್ಯಾಕ್ರೀ ಆ ಉಸಾಬರಿ? ನಮ್ಮ ಹುಲ್ಲು ಸತ್ತಿದ್ದು ಸಾಲದಾ?" ಎಂದೆ. ಅವನು ಟೋಪಿ ಸರಿಮಾಡಿಕೊಂಡು, "ಇಲ್ಲ, ಅವರು ನಂಗೆ ಪತ್ರ ಬರೆದಿದ್ರು, ಅದಕ್ಕೆ ಕೇಳ್ದೆ" ಎಂದು ಹೋಗಿಬಿಟ್ಟ.

ಹಾಲ್ಡೋರನಿಗೆ ಪತ್ರ ಬರೆಯುತ್ತೀಯ, ನನಗೆ ಬರೆಯುವುದಿಲ್ಲ. ಅಷ್ಟು ಕೋಪವೇ? ನಾನು ಉಪ್ಪು ಸುರಿದದ್ದು ನಿನಗೋಸ್ಕರ. ಅದು ತಪ್ಪಲ್ಲ ಅನ್ನುತ್ತಿಲ್ಲ. ಆದರೆ ನಿನಗೋಸ್ಕರವೇ.

ಬೋರ್ಗ್‌ಹಿಲ್ಡ್


ಟ್ರೋಂಡ್‌ಹೈಮ್
೧೫ ಜುಲೈ

ಪ್ರೀತಿಯ ಬೋರ್ಗ್‌ಹಿಲ್ಡ್,

ಕೋಪವಲ್ಲ, ಜ್ವರ. ಒಂದಿಷ್ಟು ದಿನ ಮೈ ಕೆಂಡದ ಹಾಗಿತ್ತು, ಪೆನ್ನು ಹಿಡಿಯಲಾಗಲಿಲ್ಲ. ಈಗ ಇಳಿದಿದೆ. ಹಾಲ್ಡೋರನಿಗೆ ಬರೆದ ನಾಲ್ಕು ಸಾಲನ್ನೂ ಸೆವೆರಿನ್ ಕೈಯಲ್ಲಿ ಬರೆಸಿದೆ. ನಿನಗೆ ಇನ್ನೊಬ್ಬರ ಕೈಯಲ್ಲಿ ಬರೆಸುವ ಮನಸ್ಸಾಗಲಿಲ್ಲ.

ಉಪಾಯ ಎಂಬ ಮಾತು ಓದಿದ ದಿನವೇ ನನಗೆ ಉಪ್ಪಿನ ವಾಸನೆ ಬಡಿದಿತ್ತು. ಯೋಸ್ಟೈನನ ಮನೆಯಲ್ಲಿ ಬೇರೆ ಏನಿದೆ? ನೀನಾಗಿಯೇ ಹೇಳಲಿ ಎಂದು ಕಾದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದುಕೊಂಡೆ. ಕೋಪ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಈ ಗೋಡೆ ನೋಡಿಕೊಂಡು ಬಿದ್ದವನಿಗೆ ಬೇರೆ ಕೆಲಸವಿರಲಿಲ್ಲ, ಮನಸ್ಸಿನಲ್ಲೇ ಇಡೀ ಊರನ್ನು ಬೈದೆ. ಆಮೇಲೆ ನೀನು ಬಕೆಟ್ ಹೊತ್ತು ಓಡಾಡಿದ್ದು ಕಣ್ಣಿಗೆ ಕಟ್ಟಿತು. ಅಲ್ಲಿಗೆ ಕೋಪ ನಿಂತಿತು.

ಉಪ್ಪು ತಿಂದವರು ನೀರು ಕುಡಿಯಲೇಬೇಕು. ಮೈದಾನಕ್ಕೂ ಅದೇ ನ್ಯಾಯ. ಅಗ್ನಿಶಾಮಕದವರ ಪೈಪನ್ನು ಹೊಳೆಗೆ ಹಾಕಿ, ಸತ್ತ ಜಾಗಕ್ಕೆ ದಿನವೂ ನೀರು ಬಿಡಿ. ಬಿಟ್ಟ ನೀರು ಬದಿಯ ಕಾಲುವೆಗೆ ಇಳಿಯುತ್ತದಲ್ಲ, ಅದನ್ನು ಯೋಸ್ಟೈನ್ ಪ್ರತಿದಿನ ನಾಲಿಗೆಗೆ ಹಾಕಿಕೊಂಡು ನೋಡಲಿ. ಬೇರೆ ಯಾರೂ ಅಲ್ಲ, ಯೋಸ್ಟೈನೇ. ಅದು ಸಪ್ಪೆಯಾದ ಮೇಲೆ ಮೇಲಿನ ಮಣ್ಣು ಕೆರೆದು ತೆಗೆದು, ಹೊಳೆಯ ಮರಳು ಹಾಕಿ, ಬೇರುಸಹಿತ ಕತ್ತರಿಸಿದ ಹುಲ್ಲಿನ ಹೆಂಟೆ ಹಾಸಿ. ಕಡಲ ಪಾಚಿ ಗೊಬ್ಬರ ಹಾಕಿದ ಜಾಗದ್ದು ಬೇಡ, ಅದೂ ಉಪ್ಪೇ. ಹೆಂಟೆ ಎಲ್ಲಿಂದ ತರುತ್ತೀರೋ ನನಗೆ ಗೊತ್ತಿಲ್ಲ. ಸ್ವಲ್ಪವನ್ನು ಹಾಲ್ಡೋರನ ಹತ್ತಿರ ಕೇಳಿದ್ದೇನೆ. ಹೌದು, ಕೇಳಿದ್ದೇನೆ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದಷ್ಟು ಕಷ್ಟವಾಯಿತು.

ಅಕ್ಟೋಬರ್ ಒಂಬತ್ತಕ್ಕೆ ಬರ್ಗೆನ್ನಿನವರ ಮೇಲೆ ಕೊನೆಯ ಪಂದ್ಯ. ಅದು ನಮ್ಮಲ್ಲೇ ನಡೆಯಲಿ. ನನಗೆ ಉಳಿದಿರುವುದು ಆ ಒಂದು ದಿನ.

ನಿನ್ನ ಅಣ್ಣ


ಸ್ಕೋರೋಯ
೨೯ ಆಗಸ್ಟ್

ಪ್ರೀತಿಯ ಅಣ್ಣ,

ನೀನು ಬೈದಿದ್ದರೂ ಇಷ್ಟು ಕೆಲಸವಾಗುತ್ತಿರಲಿಲ್ಲ. ನಿನ್ನ ಪತ್ರವನ್ನು ಮೀನು ಗೋದಾಮಿನ ಗೋಡೆಗೆ ಅಂಟಿಸಿದೆ. "ಯೋಸ್ಟೈನೇ" ಎಂಬ ಕಡೆ ಯಾರೋ ಕೆಂಪು ಗೆರೆ ಎಳೆದರು.

ಪಾಪದವನು ದಿನಾ ಬಗ್ಗಿ ಕಾಲುವೆಯ ನೀರು ನೆಕ್ಕಿದ. ಸುತ್ತ ಜನ. "ಹೆಂಗಿದೆ ಅಧ್ಯಕ್ಷರೇ, ಆಲೂಗೆಡ್ಡೆ ಬೇಯಿಸ್ಬೋದಾ?" ಎಂದು ಹೆಂಗಸರು ಕೇಳುವುದು. ಕೊನೆಗೊಂದು ದಿನ ಅವನು ಎದ್ದು ನಿಂತು, "ಸಪ್ಪೆ! ಸಪ್ಪೆ ಕಣ್ರೋ! ನಮ್ಮತ್ತೆ ಸಾರಿನ ಹಂಗೇ ಸಪ್ಪೆ!" ಎಂದು ಕಿರುಚಿದ. ಅತ್ತೆ ಅಲ್ಲೇ ಹಿಂದೆ ನಿಂತಿದ್ದಳು, ಅದು ಬೇರೆ ಕಥೆ.

ಹೆಂಟೆಗೆ ಏನು ಮಾಡುವುದು? ಈ ಬಂಡೆಯ ಊರಲ್ಲಿ ಹುಲ್ಲು ಇರುವುದು ಮನೆಗಳ ಮುಂದಿನ ಅಂಗಳದಲ್ಲಿ ಮಾತ್ರ. ಎರಡು ವಾರದ ಹಿಂದಿನ ಶನಿವಾರ ಬೆಳಿಗ್ಗೆ ಗುದ್ದಲಿ ತೆಗೆದುಕೊಂಡು ನಮ್ಮ ಅಂಗಳವನ್ನು ನಾನೇ ಮೊದಲು ಕತ್ತರಿಸಿದೆ. ಉಪ್ಪು ಮೊದಲು ಸುರಿದವಳು ಹುಲ್ಲೂ ಮೊದಲು ಕೊಡಬೇಡವೇ? ಮಧ್ಯಾಹ್ನದ ಹೊತ್ತಿಗೆ ಬೀದಿಯ ಪ್ರತಿ ಮನೆಯ ಮುಂದೆಯೂ ಬೋಳು ಮಣ್ಣು, ತಳ್ಳುಗಾಡಿಗಳ ಸಾಲು. ಪಾದ್ರಿಗಳು ಚರ್ಚಿನ ಹಿಂದಿನದನ್ನು ಕೊಟ್ಟರು, ಗೋರಿಗಳ ಕಡೆಯದಲ್ಲ ಎಂದು ಎರಡು ಸಲ ಹೇಳಿದರು.

ಆಗ ಫಿಯೋರ್ಡಿನಿಂದ ದೋಣಿ ಬಂತು. ಹಾಲ್ಡೋರ್! ಹಿಂದೆ ಇನ್ನೂ ಎರಡು ದೋಣಿ, ಮೂರರಲ್ಲೂ ಅಂಚಿನವರೆಗೆ ಹೆಂಟೆ. ತನ್ನ ಮೈದಾನದ ಬದಿಯಿಂದಲೇ ಕತ್ತರಿಸಿ ತಂದಿದ್ದಾನೆ. ರೋಯ್‌-ಆರ್ನೆ ದಡದಿಂದ ಕೂಗಿದ: "ಆಡಿನವರು ಬಂದ್ರು ನೋಡ್ರೋ! ಹುಲ್ಲು ಮೇಯೋಕಲ್ಲ, ಕೊಡೋಕೆ!"

ಹಾಲ್ಡೋರ್ ದೋಣಿಯಿಂದಲೇ, "ಮಾತು ಕಮ್ಮಿ ಮಾಡಿ ಹಗ್ಗ ಹಿಡಿಯಪ್ಪಾ. ಚೆಂಡಂತೂ ಹಿಡಿಯಲ್ಲ, ಹಗ್ಗನಾದ್ರೂ ಹಿಡಿ" ಎಂದ.

ಸಂಜೆಯವರೆಗೆ ಎರಡೂ ಊರಿನವರು ಮಂಡಿಯೂರಿ ಹಾಸಿದೆವು. ಅಣ್ಣ, ಈಗ ಆ ಅರ್ಧ ಮೈದಾನ ನೋಡಿದರೆ ತೇಪೆ ಹಾಕಿದ ಕೌದಿ. ಒಂದು ಚೌಕ ಕಡುಹಸಿರು, ಒಂದು ತಿಳಿ, ಅಲ್ಲಲ್ಲಿ ಹಳದಿ ಹೂವು. ನಮ್ಮ ಅಂಗಳದ್ದು ಬೆಟ್ಟದ ಕಡೆಯ ಗೋಲಿನ ಮುಂದೆ ಬಂದಿದೆ. ಬೇರು ಹಿಡಿದಿದೆ, ಎಳೆದು ನೋಡಿದೆ, ಬರಲಿಲ್ಲ.

ಕಾಫಿ ಕೊಡುವಾಗ ಹಾಲ್ಡೋರನಿಗೆ ಜುಲೈನ ಮಾತಿಗೆ ಕ್ಷಮೆ ಕೇಳಿದೆ. "ಅಯ್ಯೋ ಬಿಡಿ. ನಿಮ್ಮಣ್ಣ ಬರ್ಲಿ, ಅಷ್ಟು ಸಾಕು" ಎಂದ. ಅವನ ಕಣ್ಣೇಕೆ ಒದ್ದೆಯಾಯಿತೋ ತಿಳಿಯಲಿಲ್ಲ. ಒಳ್ಳೆಯ ಮನುಷ್ಯ. ನೀನು ಇಷ್ಟು ವರ್ಷ ಸುಮ್ಮನೆ ಉಗುಳಿದೆ.

ಪಟ್ಟಿಯಲ್ಲಿ ನಾವು ಅಲ್ಲೇ ಇದ್ದೇವೆ, ಕೊನೆಯಿಂದ ಎರಡನೆಯವರು. ಆದರೆ ಬದುಕಿದ್ದೇವೆ.

ಇನ್ನೊಂದು ಜೋಡಿ ಇಟ್ಟಿದ್ದೇನೆ, ದಪ್ಪ ಉಣ್ಣೆಯದು.

ಬೋರ್ಗ್‌ಹಿಲ್ಡ್


ಟ್ರೋಂಡ್‌ಹೈಮ್
೨೪ ಸೆಪ್ಟೆಂಬರ್

ಪ್ರೀತಿಯ ಬೋರ್ಗ್‌ಹಿಲ್ಡ್,

ಡಾಕ್ಟರು ಮೂರು ದಿನದ ರಜೆ ಕೊಟ್ಟಿದ್ದಾರೆ. ಎಂಟನೇ ತಾರೀಕು ಶನಿವಾರದ ಹಡಗಿಗೆ ಬರುತ್ತೇನೆ, ಸೋಮವಾರ ಹಿಂದಿರುಗಬೇಕು. ಇಲ್ಲಿ ಇನ್ನೂ ಸ್ವಲ್ಪ ಕಲಿಯುವುದಿದೆ.

ಬಂದರಿಗೆ ಬ್ಯಾಂಡು ಗೀಂಡು ಬೇಡ. ನೀನು ಬಾ, ಹಾಲ್ಡೋರ್ ಬರುತ್ತಾನೆ. ಉಳಿದದ್ದು ಎದುರಿಗೆ ಮಾತಾಡೋಣ. ಕೆಲವು ವಿಷಯ ನಾನೂ ಬರೆಯಲಿಲ್ಲ. ಗ್ಯಾಲರಿ ನಿನ್ನೊಬ್ಬಳಿಗೇ ಇರಲಿಲ್ಲ ಎಂದುಕೋ.

ಆ ಕೌದಿಯನ್ನು ದಿನಾ ನೆನೆಸಿಕೊಳ್ಳುತ್ತೇನೆ. ಹಳದಿ ಹೂವನ್ನು ಕೀಳಿಸಬೇಡ.

ಆನ್‌ಫಿನ್


ಸ್ಕೋರೋಯ
೧೨ ಅಕ್ಟೋಬರ್

ಪ್ರೀತಿಯ ಅಣ್ಣ,

ಮೂರು ದಿನ ಒಂದೇ ಸೂರಿನಡಿ ಇದ್ದೆವು, ಹೇಳಬೇಕಾದದ್ದು ಒಂದನ್ನೂ ನಾನು ಹೇಳಲಿಲ್ಲ. ನಮ್ಮ ಜಾತಿಯೇ ಹೀಗೆ. ಈಗ ನೀನು ಹೋದ ಮೇಲೆ ಬರೆಯುತ್ತಿದ್ದೇನೆ.

ಬಂದರಿನಲ್ಲಿ ಹಾಲ್ಡೋರ್ ತಳ್ಳುಗಾಡಿ ತಂದು ನಿಂತಿದ್ದ, ಅದರಲ್ಲಿ ಕುರಿಚರ್ಮ ಹಾಸಿತ್ತು. "ಇದ್ಯಾಕೆ?" ಎಂದರೆ, "ಸಾಮಾನಿಗೆ" ಎಂದ. ಹಡಗಿನ ಮೆಟ್ಟಿಲ ಮೇಲೆ ನೀನು ಕಾಣಿಸಿಕೊಂಡೆ. ಕಂಕುಳಲ್ಲಿ ಎರಡು ಊರುಗೋಲು. ಪ್ಯಾಂಟಿನ ಎಡಗಾಲು ಮೊಣಕಾಲಿನ ಹತ್ತಿರ ಮಡಚಿ ಪಿನ್ನು ಹಾಕಿತ್ತು. ಆಗ ನನಗೆ ಎಲ್ಲ ಒಟ್ಟಿಗೇ ತಿಳಿಯಿತು. ಕಾರಿಡಾರಿಗೆ ಬರೋ ಹಾಗಿಲ್ಲ ಎಂದದ್ದು. ಹುಣ್ಣಿನ ಕಾಟ ಮುಗಿಯಿತು ಎಂದದ್ದು. ಜ್ವರ. ಹಾಲ್ಡೋರ್ ಎರಡು ಸಲ ಕೇಳಿದ್ದು. ನಾನು ನಿನಗೆ ಬೆಕ್ಕಿನ ಮರಿಯ ಸುದ್ದಿ ಬರೆಯುತ್ತಿದ್ದಾಗ ನೀನು ಕಾಲಿಲ್ಲದೆ ಮಲಗಿದ್ದೆ.

ಆದರೆ ನನ್ನ ಬಾಯಿಗೆ ಬಂದದ್ದು, "ಕಾಫಿ ಆಯ್ತಾ?"

ನೀನು, "ಹಡಗಿಂದು ಕಾಫಿನಾ ಅದು?" ಎಂದೆ.

ಅಷ್ಟೇ. ಇಬ್ಬರೂ ಮನೆಗೆ ಬಂದೆವು. ಮನೆಯ ಮುಂದಿನ ಬೋಳು ಅಂಗಳ ನೋಡಿ ನೀನು ಒಂದು ನಿಮಿಷ ತಲೆ ಬಗ್ಗಿಸಿದೆ. ನಿನ್ನ ಕಾಲಿನ ವಿಷಯ ನಾನು ಕೇಳಲಿಲ್ಲ. ಹೆದರಿಕೆಯಾಯಿತು ಅಣ್ಣ, ಅತ್ತುಬಿಡುತ್ತೇನೆಂದು. ಈಗ ಅಳುತ್ತಿದ್ದೇನೆ, ಈಗ ಯಾರೂ ನೋಡುವುದಿಲ್ಲ.

ಭಾನುವಾರ ಹಾಲ್ಡೋರ್ ನಿನ್ನನ್ನು ಕೂರಿಸಿಕೊಂಡು ಮೈದಾನಕ್ಕೆ ತಳ್ಳಿಕೊಂಡು ಹೋದಾಗ ಎರಡು ಊರಿನ ಜನ ದಾರಿ ಬಿಟ್ಟರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಅದು ಒಳ್ಳೆಯದೇ ಆಯಿತು. ಯೋಸ್ಟೈನ್ ಟೋಪಿ ತೆಗೆದು, "ಆನ್‌ಫಿನ್, ನಾನು..." ಎಂದು ನಿಂತ. ನೀನು, "ನೀರು ಕುಡಿದ್ಯಂತೆ. ಸಾಕು ಬಿಡು" ಎಂದೆ. ಅವನು ಬೇಲಿಯ ಹಿಂದೆ ಹೋಗಿ ಮೂಗು ಒರೆಸಿಕೊಂಡ, ನಾನು ನೋಡಿದೆ.

ಆಮೇಲೆ ಗೋಲಿನ ಮುಂದೆ ಗಾಡಿ ನಿಲ್ಲಿಸಲು ಹೇಳಿ, ಬಗ್ಗಿ ಹುಲ್ಲಿನ ಮೇಲೆ ಅಂಗೈ ಇಟ್ಟೆ. "ಇದು ನಮ್ಮ ಅಂಗಳದ್ದು ಕಣೇ. ಅಮ್ಮ ನೆಟ್ಟ ಮೂರೆಲೆ ಸೊಪ್ಪು ಇನ್ನೂ ಇದೆ." ಜೀವಮಾನದಲ್ಲಿ ನೀನು ನನ್ನೆದುರು ಅತ್ತದ್ದು ಅದೊಂದೇ ಸಲ.

ಪಂದ್ಯ ಗೊತ್ತೇ ಇದೆ. ಗೆಲ್ಲಲೇಬೇಕಿತ್ತು, ಒಂದು-ಒಂದು ಆಯಿತು, ಕೆಳಗಿಳಿದೆವು. ಸೀಟಿ ಊದಿದ ಮೇಲೂ ಒಬ್ಬರೂ ಮನೆಗೆ ಹೋಗಲಿಲ್ಲ. ರೋಯ್‌-ಆರ್ನೆ ನಮ್ಮ ಅಂಗಳದ ಮೇಲೇ ಬೋರಲಾಗಿ ಬಿದ್ದುಕೊಂಡಿದ್ದ. ನೀನು ಕೂಗಿದೆ: "ಏಯ್, ಏಳೋ! ಹುಲ್ಲು ಹಾಳಾಗತ್ತೆ!" ಅವನು ನಗುತ್ತಾ ಎದ್ದ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮಣ್ಣಾಗಲು ಮಣ್ಣೇ ಕಾಣದ ಹಾಗೆ ಹುಲ್ಲಿತ್ತಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ಹಾಲ್ಡೋರನಿಗೆ ಹೇಳಿದೆ, ನನಗೆ ಹೇಳಲಿಲ್ಲ. ಅದರಿಂದ ನೋವಾಯಿತು. ಇನ್ನೂ ಇದೆ.

ನಿನ್ನ ಬಟ್ಟೆ ಒಗೆಯಲು ಚೀಲ ತೆಗೆದಾಗ ನಾನು ಹೆಣೆದ ಕಾಲುಚೀಲಗಳಲ್ಲಿ ಮೂರು ಮಾತ್ರ ಇದ್ದವು, ಮೂರೂ ಒಂಟಿ. ಒಂದು ಜೋಡಿ ಎರಡು ಜೋಡಿಯಷ್ಟು ಬಾಳುತ್ತದೆ ಎಂದು ಬರೆದಿದ್ದೆ. ನನ್ನ ಕೈಗುಣ ಹೊಗಳುತ್ತಿದ್ದೀಯ ಎಂದು ನಾನು ಹಿಗ್ಗಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಉಳಿದ ಮೂರು ಏನಾದವು ಎಂದು ಕೇಳಲು ಬಾಯಿ ಬರಲಿಲ್ಲ. ಎಸೆದೆಯಾ? ಚಳಿ ಶುರುವಾಯಿತು, ಸೂಜಿ ಉಣ್ಣೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದೇನೆ. ಇನ್ನು ಮೇಲೆ ಒಂದೇ ಹೆಣೆಯಲೇ?

ಬೋರ್ಗ್‌ಹಿಲ್ಡ್


ಟ್ರೋಂಡ್‌ಹೈಮ್
೧೯ ಅಕ್ಟೋಬರ್

ನನ್ನ ಪ್ರೀತಿಯ ಬೋರ್ಗ್‌ಹಿಲ್ಡ್,

ನಿನಗೆ ಹೇಳಲಿಲ್ಲ, ಯಾಕೆಂದರೆ ನೀನು ಮಾರನೇ ದಿನವೇ ಹಡಗು ಹತ್ತಿ ಇಲ್ಲಿಗೆ ಬಂದುಬಿಡುತ್ತಿದ್ದೆ. ಆಗ ಪಂದ್ಯಗಳನ್ನು ನೋಡಿ ನನಗೆ ಬರೆಯುವವರು ಯಾರು? ಈ ಗೋಡೆಯ ಮುಂದೆ ನಿನ್ನ ಕಾಗದಗಳು ಇಲ್ಲದಿದ್ದರೆ ನಾನು ಇರುತ್ತಿರಲಿಲ್ಲ. ಹಾಲ್ಡೋರನಿಗೆ ಹೇಳಿದ್ದು, ಹೆಂಟೆ ಬೇಡುವುದಕ್ಕೆ ಒಂದು ಕಾರಣ ಕೊಡಬೇಕಿತ್ತು ಅಂತ. ನೋವು ಕೊಟ್ಟೆ. ತಪ್ಪಾಯಿತು.

ನಾನು ಕೇಳಿದ್ದು ಒಂದು ಮ್ಯಾಚು. ಸಿಕ್ಕಿತು. ಕೆಳಗಿಳಿದದ್ದಕ್ಕೆ ಅಳಬೇಡಿ, ಎರಡನೇ ಡಿವಿಜನ್ನಿನಲ್ಲೂ ಚೆಂಡು ಉರುಳುವುದು ಹುಲ್ಲಿನ ಮೇಲೆಯೇ. ಏಪ್ರಿಲ್ಲಿಗೆ ಮರದ ಕಾಲು ಹಾಕಿಕೊಂಡು ಬರುತ್ತೇನೆ. ಅದಕ್ಕೆ ಚಳಿಯಾಗುವುದಿಲ್ಲ, ಒದ್ದೆ ಬೂಟಿಗೂ ಹೆದರುವುದಿಲ್ಲ, ನೀನು ಬೈಯಲು ಬೇರೆ ಕಾರಣ ಹುಡುಕಿಕೋ. ಅಲ್ಲಿಯವರೆಗೆ ಹಿಮ ಬಿದ್ದರೆ ಬಿದ್ದಿರಲಿ. ಗೋದಾಮಿನ ಬೀಗದ ಕೈ ಯೋಸ್ಟೈನನಿಂದ ಇಸಕೊ.

ಕಾಲುಚೀಲ ಎಸೆಯುವುದೇ? ನೀನು ಹೆಣೆದದ್ದನ್ನೇ?

ಸೆವೆರಿನನಿಗೂ ಒಂದೇ ಕಾಲು. ಏಪ್ರಿಲ್‌ನಿಂದ ನಿನ್ನ ಪ್ರತಿ ಜೋಡಿಯಲ್ಲೂ ಒಂದು ನನಗೆ, ಒಂದು ಅವನಿಗೆ. ನೀಲಿ ಬಿಳಿ ಪಟ್ಟೆಯದನ್ನು ಮೊದಲು ಹಾಕುವುದಿಲ್ಲ ಎಂದು ಹಟ ಮಾಡಿದ, ಬರ್ಗೆನ್ನಿನವನು ನೋಡು. ಚಳಿ ಬಿದ್ದ ಮೇಲೆ ಹಾಕಿಕೊಂಡ. ಭಾನುವಾರ ರೇಡಿಯೋದಲ್ಲಿ ನಮ್ಮ ಗೋಲು ಬಿದ್ದಾಗ ಅವನೇ ಆ ಕಾಲನ್ನು ಮೇಲೆತ್ತಿ ಕೂಗಿದನಂತೆ, ನರ್ಸ್ ಹೇಳಿದಳು.

ಜೋಡಿಯಾಗಿಯೇ ಹೆಣೆ.

ನಿನ್ನ ಅಣ್ಣ
ಆನ್‌ಫಿನ್